ನೀರು ಕಾಯಿಸಿದವರ ಹೆಸರು

(ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕಾರ್ಯಪಾಲಕ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣಕಾರನಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ನೌಕರಿಯಲ್ಲಿ ಎಸ್ಟಿಮೇಟು, ಟೆಂಡರು, ಅಳತೆ ಪುಸ್ತಕ ಬರೆದ ಕೈ ನನ್ನದು. ಕಳೆದ ತಿಂಗಳು ಪೂಜ್ಯರು, "ಜಪಾನಿಗೆ ಹೋಗಿ ಬಂದಿರಂತೆ, ಅಲ್ಲಿ ಕಂಡದ್ದನ್ನು ನಾಲ್ಕು ಮಂದಿಗೆ ಹೇಳಿ" ಎಂದರು. ಎತ್ತರದ ಕಟ್ಟಡ, ವೇಗದ ರೈಲು ಇವನ್ನೆಲ್ಲ ನೀವು ಮೊಬೈಲಿನಲ್ಲಿ ನೋಡಿದ್ದೀರಿ. ಅವನ್ನು ಬಿಟ್ಟು, ಸಮುದ್ರದ ದಂಡೆಯ ಒಂದು ಹಳೆಯ ಕಾಲದ ಬಿಸಿನೀರಿನ ವಸತಿಮನೆಯಲ್ಲಿ ಕಳೆದ ಎರಡು ರಾತ್ರಿಗಳನ್ನಷ್ಟೇ ಹೇಳುತ್ತೇನೆ. ಆ ಮನೆಯಲ್ಲಿ ನನ್ನ ನೌಕರಿಯ ಕಾಲದ ಒಂದು ಹಳೆಯ ಬಾಕಿ ನೆನಪಾಯಿತು. ಅದನ್ನೂ ಇಲ್ಲಿಯೇ ಒಪ್ಪಿಸಬೇಕೆಂದು ಬಂದಿದ್ದೇನೆ.

ನಮ್ಮ ಮಗಳು, ಅಳಿಯ ಟೋಕಿಯೋದಲ್ಲಿದ್ದಾರೆ. ಇಬ್ಬರೂ ಕಂಪ್ಯೂಟರ್ ಕೆಲಸದವರು. ನಾನೂ ನಮ್ಮ ಮನೆಯವರೂ ಒಂದು ತಿಂಗಳು ಅವರ ಮನೆಯಲ್ಲಿದ್ದೆವು. ಒಂದು ದಿನ ಮಗಳು, "ಅಪ್ಪಾ, ಇಲ್ಲಿಗೆ ಬಂದು ಒನ್ಸೆನ್ ನೋಡದೆ ಹೋದರೆ ಬಂದ ಹಾಗೇ ಅಲ್ಲ" ಎಂದು ಟಿಕೆಟ್ ತೆಗೆಸಿದಳು. ಒನ್ಸೆನ್ ಎಂದರೆ ಭೂಮಿಯೊಳಗಿಂದ ಬರುವ ಬಿಸಿನೀರಿನ ಬುಗ್ಗೆ. ರ್‍ಯೋಕಾನ್ ಎಂದರೆ ಅವರ ಹಳೆಯ ಪದ್ಧತಿಯ ವಸತಿಮನೆ. ಆ ದೇಶದಲ್ಲಿ ಇದು ಎಷ್ಟು ಹಳೆಯದೆಂದರೆ, ಯಾಮಾನಾಶಿ ಪ್ರಾಂತ್ಯದ ಕೆಯ್ಯುನ್‌ಕಾನ್ ಎಂಬ ಬಿಸಿನೀರಿನ ವಸತಿಮನೆ ಸ್ಥಾಪನೆಯಾದದ್ದು 705ರಲ್ಲಿ ಎಂದು ಹೇಳುತ್ತಾರೆ. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ.

ನಾವು ಹೋದದ್ದು ಇಜು ಪರ್ಯಾಯ ದ್ವೀಪದ ಪೂರ್ವ ಕರಾವಳಿಗೆ. ಟೋಕಿಯೋದಿಂದ ನೈಋತ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಅತಾಮಿ ಎಂಬ ಊರು ಸಿಗುತ್ತದೆ. ಅಲ್ಲಿಂದ ಸಮುದ್ರದ ಅಂಚು ಹಿಡಿದು ದಕ್ಷಿಣಕ್ಕೆ ಸಣ್ಣ ರೈಲಿನಲ್ಲಿ ಒಂದು ತಾಸಿನ ದಾರಿ. ಎಡಗಡೆ ಸಮುದ್ರ, ಬಲಗಡೆ ಗುಡ್ಡ, ನಡುನಡುವೆ ಸುರಂಗ. ಗುಡ್ಡದ ಇಳಿಜಾರಿನಲ್ಲಿ ಕಿತ್ತಳೆ ತೋಟಗಳು.

ಅತಾಮಿಯಲ್ಲಿ ಮಗಳನ್ನು ಒತ್ತಾಯಿಸಿ ಅರ್ಧ ದಿನ ಇಳಿದೆ. ಎಂಜಿನಿಯರ್ ಆದವನು ನೋಡಲೇಬೇಕಾದ ಒಂದು ಸುರಂಗ ಅಲ್ಲಿದೆ, ತನ್ನಾ ಸುರಂಗ ಎಂದು ಹೆಸರು. ಉದ್ದ 7.8 ಕಿಲೋಮೀಟರ್. 1918ರಲ್ಲಿ ಶುರು ಮಾಡಿದ ಕೆಲಸ ಮುಗಿದು ರೈಲು ಓಡಿದ್ದು 1934ರಲ್ಲಿ. ಹದಿನಾರು ವರ್ಷ! ಒಳಗೆ ನೀರು ನುಗ್ಗಿತು, ಮಣ್ಣು ಕುಸಿಯಿತು. 1921ರಲ್ಲಿ ಒಂದು ಕುಸಿತದಲ್ಲಿ ಮೂವತ್ತಮೂರು ಕೆಲಸಗಾರರು ಸಿಕ್ಕಿಬಿದ್ದರು, ಎಂಟನೆಯ ದಿನ ಹದಿನೇಳು ಮಂದಿಯನ್ನು ಜೀವಂತ ಹೊರತೆಗೆದರು. 1930ರ ಭೂಕಂಪದಲ್ಲಿ, ಸುರಂಗ ಹಾದುಹೋಗುವ ಭೂಮಿಯ ಬಿರುಕೇ ಸರಿದುಹೋಯಿತು. ಒಟ್ಟು 67 ಮಂದಿ ಸತ್ತರು. ಮೇಲೆ, ಗುಡ್ಡದ ನಡುವಿನ ಬಯಲಿನಲ್ಲಿದ್ದ ರೈತರ ಬುಗ್ಗೆಗಳು ಬತ್ತಿಹೋದವು. ನೀರಿನಲ್ಲೇ ಬೆಳೆಯುವ ವಸಾಬಿಯನ್ನು ಬೆಳೆಯುತ್ತಿದ್ದ ಆ ಊರಿನವರು ಕೊನೆಗೆ ಹಾಲಿನ ಕಸುಬಿಗೆ ತಿರುಗಿದರು. ನಾವು ಎಂಜಿನಿಯರುಗಳು ಒಂದು ಕಡೆ ದಾರಿ ಮಾಡಿಕೊಟ್ಟಾಗ ಇನ್ನೊಂದು ಕಡೆ ಯಾರದೋ ಬಾವಿ ಬತ್ತಬಹುದು. ಎಸ್ಟಿಮೇಟಿನಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ.

ಸುರಂಗದ ಬಾಯಿಯ ಮೇಲೆ ಸತ್ತವರ ಸ್ಮಾರಕವಿದೆ. ಅವರ ಹೆಸರುಗಳನ್ನು ಕೊರೆಸಿದ್ದಾರೆ. ಮಣ್ಣು ಹೊತ್ತವರ ಹೆಸರುಗಳು! ನನಗೆ ಆ ಲಿಪಿ ಓದಲು ಬರುವುದಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತೆ.

ಅದೇ ಊರಿನಲ್ಲಿ ಒಂದು ಬಿಸಿನೀರಿನ ಚಿಲುಮೆ ಇದೆ. ಒಂದು ಕಾಲದಲ್ಲಿ ತಾನಾಗಿಯೇ ಚಿಮ್ಮುತ್ತಿತ್ತು. ಸುತ್ತಮುತ್ತ ಬಾವಿ ಕೊರೆಯುತ್ತ ಹೋದಂತೆ ಸೊರಗಿ, 1920ರ ದಶಕದಲ್ಲಿ ನಿಂತೇಹೋಯಿತು. ಈಗ ಚಿಮ್ಮುವುದು 1962ರಿಂದ ಯಂತ್ರದ ಸಹಾಯದಿಂದ. ನಮ್ಮೂರಿನ ಕೊಳವೆಬಾವಿಗಳ ಕತೆಯನ್ನು ಅಲ್ಲಿಯೂ ಕೇಳಿದ ಹಾಗಾಯಿತು. 1860ರಲ್ಲಿ ಬ್ರಿಟಿಷ್ ರಾಯಭಾರಿ ರದರ್‌ಫರ್ಡ್ ಆಲ್ಕಾಕ್ ಅಲ್ಲಿಗೆ ಬಂದಾಗ ಆತನ ಟೋಬಿ ಎಂಬ ನಾಯಿ ಆ ಕುದಿನೀರಿಗೆ ಸಿಕ್ಕಿ ಸತ್ತಿತು. ಅದರ ಸಮಾಧಿಯ ಕಲ್ಲು ಇನ್ನೂ ಅಲ್ಲಿಯೇ ಇದೆ, ಮೇಲೆ ಹೆಸರು ಕೊರೆದಿದೆ. ನೋಡಿ ನಕ್ಕೆವು. ಆ ನಗೆ ನನಗೆ ಎರಡು ದಿನದ ಮೇಲೆ ಚುಚ್ಚಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಸಂಜೆ ಅತಾಗಾವಾ ಎಂಬ ಊರಿಗೆ ಬಂದು ಇಳಿದೆವು. ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಎತ್ತರದ ಕಟ್ಟಿಗೆಯ ಅಟ್ಟಣಿಗೆಗಳು, ಅವುಗಳ ತಲೆಯಿಂದ ಬಿಳಿ ಹಬೆ. ಬಾವಿಗಳ ಮೇಲೆ ಕಟ್ಟಿದವು ಅವು. ಅಲ್ಲಿ ನೀರು ನೂರು ಡಿಗ್ರಿಗೆ ಹತ್ತಿರದ ಬಿಸಿಯಲ್ಲಿ ಹೊರಬರುತ್ತದೆ. ಆ ಬಿಸಿಯನ್ನು ಗಾಜಿನ ಮನೆಗಳಿಗೆ ಹರಿಸಿ 1958ರಿಂದ ಬಾಳೆ ಬೆಳೆಯುವ, ಮೊಸಳೆ ಸಾಕುವ ಒಂದು ತೋಟವನ್ನೂ ನಡೆಸುತ್ತಿದ್ದಾರೆ. ಚಳಿ ದೇಶದಲ್ಲಿ ಬಾಳೆಗೊನೆ ನೋಡಿ ನಮ್ಮ ಮನೆಯವರು, "ಅಲ್ಲಾ, ಇಷ್ಟು ದೂರ ಬಂದು ಬಾಳೀಗಿಡ ನೋಡೂದಾತು" ಎಂದರು.

ನಾವಿದ್ದ ವಸತಿಮನೆ ಸಣ್ಣದು, ಎರಡಂತಸ್ತಿನ ಕಟ್ಟಿಗೆ ಮನೆ. ಹೆಬ್ಬಾಗಿಲಲ್ಲಿ ಪಾದರಕ್ಷೆ ಬಿಡಬೇಕು. ಒಳಗೆ ಓಡಾಡಲು ಚಪ್ಪಲಿ ಕೊಡುತ್ತಾರೆ, ಚಾಪೆ ಹಾಸಿದ ಕೋಣೆಗೆ ಬಂದಾಗ ಅದನ್ನೂ ಬಿಡಬೇಕು. ಶೌಚಾಲಯಕ್ಕೆ ಬೇರೆ ಚಪ್ಪಲಿ. ಹೊಲಸು ಎಲ್ಲಿಯದೋ ಅಲ್ಲಿಯೇ ನಿಲ್ಲಬೇಕು ಎಂಬ ಲೆಕ್ಕ. ನಾನು ಒಮ್ಮೆ ಮರೆತು ಶೌಚಾಲಯದ ಚಪ್ಪಲಿಯಲ್ಲೇ ಪಡಸಾಲೆಗೆ ಬಂದೆ. ಯಾರೂ ಏನೂ ಅನ್ನಲಿಲ್ಲ, ಮಗಳು ಮಾತ್ರ ಹಣೆ ಚಚ್ಚಿಕೊಂಡಳು.

ಕೋಣೆಯಲ್ಲಿ ಮಂಚ, ಕುರ್ಚಿ, ಸೋಫಾ ಯಾವುದೂ ಇಲ್ಲ. ಹುಲ್ಲಿನ ಚಾಪೆ, ಗಿಡ್ಡನೆಯ ಮೇಜು, ಕೂಡಲು ದಿಂಬು. ಒಂದು ಮೂಲೆಯ ಮಾಡದಲ್ಲಿ ಒಂದು ಚಿತ್ರ, ಒಂದು ಹೂವು. ಕಿಟಕಿ ಸರಿಸಿದರೆ ಸಮುದ್ರ, ದೂರದಲ್ಲಿ ಓಶಿಮಾ ದ್ವೀಪ. ರಾತ್ರಿ ನಾವು ಊಟಕ್ಕೆ ಹೋದಾಗ ಮೇಜು ಸರಿಸಿ, ಗೋಡೆಯೊಳಗಿನ ಕಪಾಟಿನಿಂದ ಹಾಸಿಗೆ ತೆಗೆದು ಹಾಸಿರುತ್ತಾರೆ. ಬೆಳಗ್ಗೆ ಮತ್ತೆ ಮಡಿಚಿಡುತ್ತಾರೆ. ಒಂದೇ ಕೋಣೆ ಹಗಲು ಪಡಸಾಲೆ, ರಾತ್ರಿ ಮಲಗುವ ಮನೆ. ನಮ್ಮ ಅಜ್ಜನ ಮನೆಯಲ್ಲೂ ಹೀಗೆಯೇ ಇತ್ತಲ್ಲ ಎನ್ನಿಸಿತು.

ಮನೆಯ ಯಜಮಾನಿಗೆ ಒಕಾಮಿ ಎನ್ನುತ್ತಾರೆ. ಇಡೀ ವಸತಿಮನೆಯ ಜವಾಬ್ದಾರಿ ಆ ತಾಯಿಯದೇ. ಕೋಣೆಗೆ ಊಟ, ಚಹ ತರುವ ಹೆಣ್ಣುಮಕ್ಕಳಿಗೆ ನಕಾಯಿ ಎಂದು ಹೆಸರು. ನಮ್ಮ ಕೋಣೆಗೆ ಬಂದ ನಕಾಯಿಗೆ ಎಪ್ಪತ್ತರ ಹತ್ತಿರ ವಯಸ್ಸಿದ್ದೀತು. ಬಾಗಿಲ ಹೊರಗೆ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಬಾಗಿಲು ಸರಿಸಿ, ತಲೆಬಾಗಿ ಒಳಗೆ ಬಂದರು. ನನಗೆ ಕಸಿವಿಸಿಯಾಯಿತು. ನನಗಿಂತ ಹಿರಿಯಾಕೆ ನನ್ನೆದುರು ಮೊಣಕಾಲೂರುವುದೇ! ಎದ್ದು ನಿಂತುಬಿಟ್ಟೆ. ಆಗ ಅವರಿಗೂ ಗೊಂದಲ. ಮಗಳು ನನ್ನ ಕೈ ಜಗ್ಗಿ, "ಅಪ್ಪಾ, ಕೂತ್ಕೋ. ನೀನು ನೆಲದ ಮೇಲೆ ಕೂತಿರುವಾಗ ಅವರು ನಿಂತು ಮಾತಾಡಿದರೆ ನಿನ್ನ ತಲೆಯ ಮೇಲಿಂದ ಮಾತಾಡಿದ ಹಾಗೆ. ಅದಕ್ಕೇ ನಿನ್ನ ಸಮಕ್ಕೆ ಕೂರುತ್ತಾರೆ" ಎಂದಳು. ಅರ್ಧ ಸಮಾಧಾನವಾಯಿತು.

ಇನ್ನು ಊಟ. ಸಮುದ್ರದ ದಂಡೆಯ ವಸತಿಮನೆ, ಕಿನ್‌ಮೆದಾಯಿ ಎಂಬ ಕೆಂಪು ಮೀನು ಅಲ್ಲಿಯ ಹೆಸರಾಂತ ಪದಾರ್ಥ. ನಾವೋ ಶಾಕಾಹಾರಿಗಳು. ಅಲ್ಲಿ ತೊಂದರೆ ಏನೆಂದರೆ, ಕಣ್ಣಿಗೆ ಕಾಣುವ ಮೀನನ್ನು ಬದಿಗಿಡಬಹುದು, ಕಾಣದ್ದನ್ನು ಇಡಲಾಗದು. ಅವರ ಸಾರು, ಪಲ್ಯ ಎಲ್ಲದರ ತಳಹದಿ ದಾಶಿ ಎಂಬ ಕಟ್ಟು. ಅದನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆ ಹಿಡಿಸಿದ ಮೀನಿನ ಚಕ್ಕೆಯಿಂದ ಕುದಿಸುತ್ತಾರೆ. ಮಗಳು ಹತ್ತು ದಿನ ಮೊದಲೇ ಎಲ್ಲ ಬರೆದು ತಿಳಿಸಿದ್ದಳು. ನಾನಂತೂ ನಂಬದೆ, ಚೀಲದ ತಳದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟುಕೊಂಡೇ ಹೋಗಿದ್ದೆ.

ಊಟಕ್ಕೆ ಕೂತಾಗ ಒಕಾಮಿಯವರು ತಾವೇ ಬಂದು, ಒಂದು ಕಾಗದದ ಮೇಲೆ ಬರೆದ ಪಟ್ಟಿ ಹಿಡಿದು ಒಂದೊಂದೇ ಬಟ್ಟಲು ತೋರಿಸಿ ಹೇಳಿದರು. ಇದು ಎಳ್ಳಿನ ಗಟ್ಟಿ, ಇದು ಸೋಯಾ ಹಾಲಿನ ಕೆನೆ, ಇದು ಗುಡ್ಡದ ಅಣಬೆ, ಇದು ಇಲ್ಲಿಯ ತೊರೆಯಲ್ಲಿ ಬೆಳೆದ ವಸಾಬಿ. ಸಾರಿಗೆ ಮೀನಿನ ಕಟ್ಟು ಹಾಕಿಲ್ಲ, ಕೊಂಬು ಎಂಬ ಸಮುದ್ರದ ಸೊಪ್ಪನ್ನೂ ಒಣ ಅಣಬೆಯನ್ನೂ ರಾತ್ರಿಯೆಲ್ಲ ನೆನೆಸಿ ತೆಗೆದದ್ದು. ಪಾತ್ರೆಯೂ ಬೇರೆ. ಕೊನೆಗೆ ಅವರು ಹೇಳಿದ ಮಾತನ್ನು ಮಗಳು ತಿಳಿಸಿದಳು: "ನಮ್ಮ ಅಡುಗೆಯವರು ಎರಡು ಸಲ ಮಾಡಿ ರುಚಿ ನೋಡಿದ್ದಾರೆ, ಮೊದಲನೆಯದು ಅವರಿಗೇ ಒಪ್ಪಿಗೆಯಾಗಲಿಲ್ಲವಂತೆ." ಯಾರೋ ಪರದೇಶದ ನಾಲ್ಕು ಮಂದಿಗಾಗಿ ಒಬ್ಬ ಅಡುಗೆಯವ ಎರಡು ಸಲ ಸಾರು ಮಾಡಿದ್ದಾನೆ. ನನ್ನ ಚೀಲದ ತಳದ ರೊಟ್ಟಿ ನೆನೆದು ನಾಚಿಕೆಯಾಯಿತು.

ನಮ್ಮ ಮನೆಯವರು ನನಗಿಂತ ಜಾಣೆ. ರೊಟ್ಟಿ ಗಂಟು ಬಿಚ್ಚಿ, ನಾಲ್ಕು ಕಟಕ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಒಂದು ತಟ್ಟೆಯಲ್ಲಿಟ್ಟು, "ನಿಮ್ಮ ಅಡುಗೆಯವರಿಗೆ ಕೊಡಿರಿ" ಎಂದು ಕಳಿಸಿದರು. ಅರ್ಧ ತಾಸಿಗೆ ತಟ್ಟೆ ವಾಪಸು ಬಂತು. ಅದರ ಮೇಲೆ ಎರಡು ಕಿತ್ತಳೆ ಹಣ್ಣು, ಜೊತೆಗೆ ಒಂದು ಪ್ರಶ್ನೆ: ಈ ರೊಟ್ಟಿಯನ್ನು ಕೈಯಿಂದ ತಟ್ಟುವುದೋ, ಲಟ್ಟಿಸುವುದೋ? ನಮ್ಮ ಕಡೆ ಖಾಲಿ ತಟ್ಟೆ ತಿರುಗಿ ಕೊಡುವುದಿಲ್ಲ. ಅಲ್ಲಿಯೂ ಕೊಡಲಿಲ್ಲ.

ಈಗ ಸ್ನಾನದ ಮಾತು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸ್ನಾನದ ಮನೆ, ಬಾಗಿಲಿಗೆ ಬೇರೆ ಬೇರೆ ಬಣ್ಣದ ಪರದೆ. ಒಳಗೆ ಹೋಗುವಾಗ ಮೈಮೇಲೆ ಬಟ್ಟೆ ಇರುವಂತಿಲ್ಲ. ಒಂದು ಸಣ್ಣ ಟವೆಲು ಅಷ್ಟೇ, ಅದೂ ನೀರಿಗೆ ತಾಗಬಾರದು, ತಲೆಯ ಮೇಲೆ ಮಡಿಚಿಟ್ಟುಕೊಳ್ಳಬೇಕು. ಮೊದಲು ಸಣ್ಣ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ ಮೈ ಚೆನ್ನಾಗಿ ತೊಳೆದು, ನೊರೆ ಒಂದಿಷ್ಟೂ ಉಳಿಯದಂತೆ ನೀರು ಹಾಕಿಕೊಂಡು, ಆಮೇಲೆ ದೊಡ್ಡ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಮೈ ತೊಳೆಯಲು ಇರುವುದಲ್ಲ. ಅದು ಎಲ್ಲರ ನೀರು. ನಿನ್ನ ಕೊಳೆಯನ್ನು ಹೊರಗೆ ಬಿಟ್ಟು ಒಳಗೆ ಬಾ ಎಂಬುದು ನಿಯಮ.

ಅರವತ್ತೇಳು ವರ್ಷದವನು ಹತ್ತು ಮಂದಿಯ ಮುಂದೆ ಹಾಗೆ ಹೋಗುವುದು ಸುಲಭವಲ್ಲ. ಮೊದಲ ಸಂಜೆ ಪರದೆಯವರೆಗೆ ಹೋಗಿ ತಿರುಗಿ ಬಂದೆ. ನಮ್ಮ ಮನೆಯವರಂತೂ "ನಾ ಒಲ್ಲೆ" ಎಂದು ಕೂತೇಬಿಟ್ಟಿದ್ದರು. ಮಗಳು ಹೇಗೋ ಕರೆದುಕೊಂಡು ಹೋದಳು. ಮುಕ್ಕಾಲು ತಾಸಿನ ಮೇಲೆ ಬಂದರು, ಮುಖ ಕೆಂಪಗಾಗಿತ್ತು. "ಹೋಗ್ರಿ, ಏನಾಗೂದಿಲ್ಲ. ಅಲ್ಲಿ ಯಾರೂ ಯಾರನ್ನೂ ನೋಡೂದಿಲ್ಲ" ಎಂದರು. ಆ ಮಾತಿನ ಮೇಲೆ ಹೋದೆ.

ಕೊರಳಲ್ಲಿರುವ ಇಷ್ಟಲಿಂಗವನ್ನು ಏನು ಮಾಡಿದಿರಿ ಎಂದು ನಿಮ್ಮಲ್ಲಿ ಕೆಲವರು ಆಗಲೇ ಮನಸ್ಸಿನಲ್ಲಿ ಕೇಳುತ್ತಿದ್ದೀರಿ. ತೆಗೆದಿಡುವ ಮಾತೇ ಇರಲಿಲ್ಲ. ಆದರೆ ಬಟ್ಟೆ ನೀರಿಗೆ ತಾಗಬಾರದು ಎಂಬುದು ಆ ಮನೆಯ ನಿಯಮ, ಅದನ್ನೂ ಮುರಿಯುವಂತಿಲ್ಲ. ಖನಿಜದ ನೀರಿನಲ್ಲಿ ಬೆಳ್ಳಿ ಕರಡಿಗೆ ಕಪ್ಪಾದೀತೆಂಬ ಅಂಜಿಕೆಯೂ ಇತ್ತು. ದಾರಿ ಸಿಕ್ಕಿದ್ದು ಗೋಡೆಯ ಮೇಲೆ ತೂಗುಹಾಕಿದ್ದ ಸೂಚನೆಯಲ್ಲಿ. ರಕ್ತದೊತ್ತಡ ಇರುವ ವಯಸ್ಸಾದವರು ಎದೆಯ ಕೆಳಗಿನವರೆಗೆ ಮಾತ್ರ ನೀರಿನಲ್ಲಿರುವುದು ಒಳ್ಳೆಯದು ಎಂದು ಅದರಲ್ಲಿತ್ತು, ಅಳಿಯ ಓದಿ ಹೇಳಿದ. ಅರ್ಧ ಮೈಯ ಸ್ನಾನಕ್ಕೆ ಅಲ್ಲಿ ಬೇರೆ ಹೆಸರೇ ಇದೆ. ನನಗೆ ಬಿ.ಪಿ. ಇದ್ದೇ ಇದೆ. ಒಳಗಿನ ಮೆಟ್ಟಿಲ ಮೇಲೆ ಕೂತೆ, ನೀರು ಸೊಂಟದ ಮೇಲಕ್ಕೆ ಬರಲಿಲ್ಲ. ಎದುರಿಗಿದ್ದ ಮುದುಕರೊಬ್ಬರು ನನ್ನ ಎದೆಯ ಕಡೆ ನೋಡಿ, ಏನು ಎಂಬಂತೆ ಹುಬ್ಬು ಎತ್ತಿದರು. ಕೈ ಮುಗಿದು ತೋರಿಸಿದೆ. ಅವರೂ ಸಣ್ಣಗೆ ತಲೆಬಾಗಿಸಿ, ಸಮುದ್ರದ ಕಡೆ ಮುಖ ತಿರುಗಿಸಿ ಕೂತರು. ಮಾತು ಮುಗಿಯಿತು.

ಹೊರಗಿನ ತೊಟ್ಟಿ ಸಮುದ್ರದ ಬಂಡೆಗಳ ಮೇಲೆಯೇ ಇದೆ. ಮೇಲೆ ಮಾಡಿಲ್ಲ. ಕೆಳಗೆ ಅಲೆ ಬಡಿಯುವ ಸದ್ದು, ಮುಖಕ್ಕೆ ತಣ್ಣನೆಯ ಗಾಳಿ, ಮೈಗೆ ನಲವತ್ತೆರಡು ಡಿಗ್ರಿಯ ಉಪ್ಪುನೀರು. ಆ ನೀರಿನಲ್ಲಿ ಸೋಡಿಯಂ ಕ್ಲೋರೈಡು ಹೆಚ್ಚು. ಹೊರಬಂದ ಮೇಲೆ ಚರ್ಮದ ಮೇಲೆ ಉಪ್ಪಿನ ತೆಳು ಪದರ ಉಳಿದು, ಬೆವರು ಬೇಗ ಆರದಂತೆ ಮಾಡಿ ಮೈಯನ್ನು ಬೆಚ್ಚಗಿಡುತ್ತದೆ. ನನ್ನ ಮೊಣಕಾಲು ನೋವು ಆ ರಾತ್ರಿ ಇರಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಬಂತು ಎಂಬುದನ್ನೂ ಹೇಳಬೇಕು.

ಆ ಗೋಡೆಯ ಮೇಲಿನ ಫಲಕದ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಒನ್ಸೆನ್‌ಗೆ 1948ರ ಕಾಯಿದೆ ಇದೆ. ಇಪ್ಪತ್ತೈದು ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಖನಿಜಗಳಲ್ಲಿ ಒಂದಾದರೂ ಸಾಕಷ್ಟು ಇರಬೇಕು. ಹೊಸ ಬಾವಿ ಕೊರೆಯಲು ಪ್ರಾಂತ್ಯದ ಗವರ್ನರರ ಅನುಮತಿ ಬೇಕು. ನೀರಿನ ಪರೀಕ್ಷೆಯ ವರದಿಯನ್ನು ಸ್ನಾನದ ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. 2004ರಲ್ಲಿ ಕೆಲವು ಕಡೆ ನೀರಿಗೆ ಬಣ್ಣದ ಪುಡಿ ಬೆರೆಸುತ್ತಿದ್ದುದು, ನಲ್ಲಿ ನೀರನ್ನೇ ಕಾಯಿಸಿ ಕೊಡುತ್ತಿದ್ದುದು ಹೊರಬಿದ್ದು ದೊಡ್ಡ ಗದ್ದಲವಾಯಿತು. ಮರುವರ್ಷದಿಂದ, ತಣ್ಣೀರು ಬೆರೆಸಿದ್ದರೆ, ಕಾಯಿಸಿದ್ದರೆ, ಬಳಸಿದ ನೀರನ್ನೇ ಸೋಸಿ ತಿರುಗಿಸುತ್ತಿದ್ದರೆ, ಅದನ್ನೂ ಬರೆದು ಹಾಕಬೇಕೆಂದು ನಿಯಮ ತಂದರು. ಮೋಸ ಎಲ್ಲ ಕಡೆಯೂ ಇದೆ. ಸಿಕ್ಕಿಬಿದ್ದ ಮೇಲೆ ಗೋಡೆಯ ಮೇಲೆ ಸತ್ಯ ಬರೆಸಿದರಲ್ಲ, ಅದು ನನಗೆ ಮೆಚ್ಚಿಗೆಯಾಯಿತು.

ಸ್ನಾನ ಮುಗಿಸಿ, ಅವರು ಕೊಟ್ಟ ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು ಬಂದು ಕೂತೆ. ಎಲ್ಲರಿಗೂ ಒಂದೇ ನಮೂನೆಯ ಬಟ್ಟೆ. ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. "ನೋಡವ್ವಾ, ಎಷ್ಟು ದೊಡ್ಡ ವಿಚಾರ ಇದು! ಬಟ್ಟೆ ಕಳಚಿದ ಮೇಲೆ ಸಾಹುಕಾರ ಯಾರು, ಕೂಲಿ ಯಾರು? ನೀರೊಳಗೆ ಮೇಲು ಕೀಳು ಇಲ್ಲ" ಎಂದು ಮಗಳಿಗೆ ಒಂದು ಭಾಷಣವನ್ನೇ ಮಾಡಿದೆ. ಇವತ್ತು ನಿಮ್ಮ ಮುಂದೆ ಮಾಡಬೇಕೆಂದಿದ್ದ ಭಾಷಣವೂ ಅದೇ ಆಗುತ್ತಿತ್ತು.

ಮಗಳು ಸುಮ್ಮನೆ ಕೇಳಿ, ಆಮೇಲೆ ಹೇಳಿದಳು. "ಅಪ್ಪಾ, ನೀರಿಗೆ ಇಳಿಯಲು ಬಿಟ್ಟವರಿಗೆ ಮಾತ್ರ ನಿನ್ನ ಸಮಾನತೆ. ಬಾಗಿಲಲ್ಲೇ ತಡೆದವರ ಕತೆ ಗೊತ್ತಾ?" 2003ರಲ್ಲಿ ಕುಮಾಮೊತೊ ಪ್ರಾಂತ್ಯದ ಒಂದು ಬಿಸಿನೀರಿನ ಹೋಟೆಲಿನವರು, ಕುಷ್ಠರೋಗದಿಂದ ಎಂದೋ ಗುಣವಾಗಿದ್ದ ಹಿರಿಯರಿಗೆ ಇಳಿದುಕೊಳ್ಳಲು ಜಾಗ ಕೊಡಲಿಲ್ಲ, ಉಳಿದ ಗಿರಾಕಿಗಳಿಗೆ ತೊಂದರೆಯಾಗುತ್ತದೆ ಎಂದು. ಆ ರೋಗಿಗಳನ್ನು ದೂರ ಇಡುವ ಕಾಯಿದೆಯನ್ನು 1996ರಲ್ಲೇ ರದ್ದು ಮಾಡಲಾಗಿತ್ತು, ಅದರಿಂದ ಆದ ಅನ್ಯಾಯಕ್ಕೆ ಸರ್ಕಾರವೇ ಹೊಣೆ ಎಂದು 2001ರಲ್ಲಿ ನ್ಯಾಯಾಲಯವೂ ಹೇಳಿತ್ತು. ಆದರೂ ಬಾಗಿಲು ಮುಚ್ಚಿತು. ಪ್ರಾಂತ್ಯದ ಸರ್ಕಾರ ಆ ಹೋಟೆಲಿನ ಮೇಲೆ ಕ್ರಮ ತೆಗೆದುಕೊಂಡಿತು. ಹೊಕ್ಕೈದೋದ ಒಂದು ಸ್ನಾನಗೃಹದಲ್ಲಿ ವಿದೇಶಿಯರಿಗೆ ಪ್ರವೇಶವಿಲ್ಲ ಎಂದು ಹೊರಗಿಟ್ಟಾಗ, ಅದು ಭೇದಭಾವ ಎಂದು 2002ರಲ್ಲಿ ನ್ಯಾಯಾಲಯ ತೀರ್ಪು ಕೊಡಬೇಕಾಯಿತು.

ನನ್ನ ಹುಮ್ಮಸ್ಸು ಇಳಿಯಿತು. ಬಂಧುಗಳೇ, ನೀರು ತಾನಾಗಿ ಯಾರನ್ನೂ ಸಮ ಮಾಡುವುದಿಲ್ಲ. ನಮ್ಮಲ್ಲಿಯೂ ಕೆರೆ ಬಾವಿಗಳ ಇತಿಹಾಸ ನಿಮಗೆ ಗೊತ್ತಿದೆ. ನೀರಿಗೆ ಭೇದ ಇಲ್ಲ, ನಿಜ. ಭೇದ ದಡದ ಮೇಲೆ ನಿಂತವರಲ್ಲಿ ಇರುತ್ತದೆ. ಆ ರಾತ್ರಿ ನಾನು ಬೇರೆಯವರ ಭೇದವನ್ನು ಎಣಿಸುತ್ತ ಮಲಗಿದೆ. ನನ್ನದು ಬೆಳಗಿನ ಜಾವ ಎದುರಿಗೆ ಬಂತು.

ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಹಳೆಯ ಅಭ್ಯಾಸ. ಸೂರ್ಯೋದಯ ಸಮುದ್ರದಿಂದಲೇ ಆಗುತ್ತದೆಂದು ಹೇಳಿದ್ದರು, ಸ್ನಾನದ ಮನೆಯ ಕಡೆ ಹೋದೆ. ಹೊರಗಿನ ತೊಟ್ಟಿಯ ಬಳಿ ಒಬ್ಬ ಮುದುಕರು, ರಬ್ಬರ್ ಬೂಟು ಹಾಕಿಕೊಂಡು ಬಗ್ಗಿ ನಿಂತಿದ್ದರು. ಮೊದಲು ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸಿದರು, ಆಮೇಲೆ ಥರ್ಮಾಮೀಟರು ಇಳಿಸಿದರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದರು. ಗೋಡೆಯ ಬದಿಯ ವಾಲ್ವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕಾದು ನಿಂತರು. ನನ್ನನ್ನು ಕಂಡು ತಲೆಬಾಗಿದರು. ನಾನು ಎಂಜಿನಿಯರು, ವಾಲ್ವು ಕಂಡ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕೈಸನ್ನೆಯಲ್ಲಿ ಮಾತು ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಕಾಮಿಯವರು ಬಂದರು, ಅಳಿಯನೂ ಎದ್ದು ಬಂದ.

ಒಕಾಮಿಯವರು ಆ ಮುದುಕರ ಪಕ್ಕ ನಿಂತು, ಪೂರ್ತಿ ಹೆಸರು ಹೇಳಿ ಪರಿಚಯ ಮಾಡಿಸಿದರು. "ಇವರು ನಮ್ಮ ಯುಮೋರಿ. ನೀವು ನಿನ್ನೆ ಕೂತ ನೀರು ಇವರು ಮಾಡಿದ್ದು" ಎಂದರು. ಯುಮೋರಿ ಎಂದರೆ ಬಿಸಿನೀರು ಕಾಯುವವನು. ಅವರ ಕೆಲಸ ಎಷ್ಟು ಸೂಕ್ಷ್ಮ ಎಂಬುದು ಆಗ ತಿಳಿಯಿತು. ಬಾವಿಯಿಂದ ಬರುವ ನೀರು ಕುದಿಯುವಷ್ಟು ಬಿಸಿ. ತಣ್ಣೀರು ಬೆರೆಸಿದರೆ ಖನಿಜ ತೆಳುವಾಗುತ್ತದೆ, ಹಾಗಾಗಿ ಕೊಳವೆಗಳಲ್ಲಿ ಹಾಯಿಸಿ ಬಿಸಿ ಇಳಿಸಿಕೊಂಡು, ತೊಟ್ಟಿಗೆ ಬೀಳುವ ಧಾರೆಯನ್ನು ಹೆಚ್ಚು ಕಡಿಮೆ ಮಾಡಿ ನಲವತ್ತೆರಡಕ್ಕೆ ನಿಲ್ಲಿಸಬೇಕು. ಸಮುದ್ರದ ಗಾಳಿ ಜೋರಾದರೆ ನೀರು ಬೇಗ ಆರುತ್ತದೆ, ಮಳೆ ಬಂದರೆ ಇನ್ನೂ ಬೇಗ. ರಾತ್ರಿ ಎದ್ದೆದ್ದು ನೋಡಬೇಕು. ಖನಿಜ ಕೊಳವೆಯೊಳಗೆ ಕಲ್ಲಾಗಿ ಕಟ್ಟುತ್ತದೆ. ಅವರು ಕತ್ತರಿಸಿ ತೆಗೆದ ಒಂದು ಹಳೆಯ ಕೊಳವೆಯ ತುಂಡು ತೋರಿಸಿದರು, ಮುಷ್ಟಿ ಹಿಡಿಯುವಷ್ಟು ಅಗಲದ ಕೊಳವೆಯಲ್ಲಿ ಹೆಬ್ಬೆರಳಷ್ಟೇ ಕಿಂಡಿ ಉಳಿದಿತ್ತು. ನೀರಿನಲ್ಲಿ ತೇಲುವ ಖನಿಜದ ಚೂರುಗಳಿಗೆ ಅವರು ಕೊಟ್ಟ ಹೆಸರು ಮಾತ್ರ ಚೆಂದ: ಬಿಸಿನೀರಿನ ಹೂವು.

ಆ ಮುದುಕರ ಪುಸ್ತಕ ನೋಡಿದೆ. ತಾರೀಕು, ಗಂಟೆ, ಗಾಳಿ, ಡಿಗ್ರಿ. ನನ್ನ ಅಳತೆ ಪುಸ್ತಕ ಯಾವತ್ತೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

ಅಲ್ಲಿ ನನಗೆ ಆ ಹಳೆಯ ರಾತ್ರಿ ನೆನಪಾಯಿತು.

ತೊಂಬತ್ತರ ದಶಕ. ಆಗ ನಾನು ಸಹಾಯಕ ಕಾರ್ಯಪಾಲಕ ಎಂಜಿನಿಯರು. ಮಳೆಗಾಲ. ಒಂದು ಕೆರೆಯ ಏರಿ ಜಿನುಗುತ್ತಿದೆ ಎಂದು ಸುದ್ದಿ ಬಂದು, ಇಡೀ ದಿನ, ಅರ್ಧ ರಾತ್ರಿ ಅಲ್ಲಿಯೇ ನಿಂತು ಮರಳಿನ ಚೀಲ ಹಾಕಿಸಿದ್ದೆ. ಏರಿ ಉಳಿಯಿತು. ರಾತ್ರಿ ಒಂದೂವರೆಗೆ, ಮೈಯೆಲ್ಲ ಕೆಸರು, ಐ.ಬಿ.ಗೆ ಬಂದೆ. ಅಲ್ಲಿಯ ಮೇಟಿ ಲಾಟೀನು ಹಿಡಿದು ಬಂದ. ಬಿಸಿನೀರು ಎಂದೆ. "ಕಟ್ಟಿಗಿ ಹಸಿ ಅದಾವ್ರಿ ಸಾಹೇಬ್ರ, ಸ್ವಲ್ಪ ತಡೀರಿ" ಎಂದ. ನಾನು ತಡೆಯಲಿಲ್ಲ. ಬಾಯಿಗೆ ಬಂದದ್ದು ಅಂದೆ. ಕೈಯಲ್ಲಿದ್ದ ಚೆಂಬನ್ನು ಅಂಗಳಕ್ಕೆ ಎಸೆದೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನಾಗಿದ್ದ ಆತ ಮಳೆಯಲ್ಲಿ ಹೋಗಿ ಆ ಚೆಂಬನ್ನು ಎತ್ತಿಕೊಂಡು ಬಂದ. ಮುಕ್ಕಾಲು ತಾಸಿಗೆ ಹಂಡೆಯ ನೀರು ಕಾಯಿತು. ಸ್ನಾನ ಮಾಡಿದೆ, ಆತ ಮಾಡಿಟ್ಟಿದ್ದ ಬಿಸಿ ರೊಟ್ಟಿ ತಿಂದೆ, ಮಲಗಿದೆ.

ಮರುದಿನ ಜೀಪಿನಲ್ಲಿ ಹೋಗುವಾಗ ಡ್ರೈವರ್ ಹೇಳಿದ. ಆ ಮನುಷ್ಯ ಮಳೆಯಲ್ಲೇ ತನ್ನ ಮನೆಗೆ ಓಡಿ, ತನ್ನ ಒಲೆಯ ಪಕ್ಕದಲ್ಲಿ ಒಣಗಿಸಿಟ್ಟಿದ್ದ ಕಟ್ಟಿಗೆ ತಂದು ಹಂಡೆಗೆ ಹಾಕಿದ್ದನಂತೆ. ಅವರ ಮನೆಯಲ್ಲಿ ಆ ಬೆಳಿಗ್ಗೆ ಒಲೆ ಹೇಗೆ ಹೊತ್ತಿತೋ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಜೀಪು ತಿರುಗಿಸು ಎಂದೂ ಹೇಳಲಿಲ್ಲ. ಮೇಜಿನ ಮೇಲೆ ಹತ್ತು ರೂಪಾಯಿ ಇಟ್ಟು ಬಂದಿದ್ದೆ, ಅದೇ ದೊಡ್ಡದು ಎಂದುಕೊಂಡಿದ್ದೆ.

ಆ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಇಪ್ಪತ್ತು ಸಲವಾದರೂ ಆ ಐ.ಬಿ.ಯಲ್ಲಿ ಇಳಿದಿದ್ದೇನೆ. "ಏ ಮೇಟಿ" ಎಂದು ಕರೆದರೆ ಬರುತ್ತಿದ್ದ. ಎಂದೋ ಸತ್ತ ಒಂದು ನಾಯಿಯ ಹೆಸರು ನನಗೆ ಗೊತ್ತು. ನನಗೆ ನೀರು ಕಾಯಿಸಿ ಕೊಟ್ಟವರ ಹೆಸರು ಗೊತ್ತಿಲ್ಲ. ಅದೇ ಮಠಕ್ಕೆ, ಅದೇ ಗೋಷ್ಠಿಗಳಿಗೆ ಬಂದು ಕಾಯಕದ ಮೇಲೆ ಉಪನ್ಯಾಸ ಕೇಳಿ ತಲೆದೂಗಿದವನೂ ನಾನೇ.

ಹೊರಡುವ ದಿನ ಆ ನಕಾಯಿಗೆ ಏನಾದರೂ ಕೊಡಬೇಕೆಂದು ನೋಟು ತೆಗೆದೆ. ಅಳಿಯ, "ಮಾವಾ, ಹಾಗೆ ಕೈಗೆ ಕೊಡಬಾರದು. ಕೊಡುವುದಾದರೆ ಲಕೋಟೆಯಲ್ಲಿಟ್ಟು, ಎರಡೂ ಕೈಯಿಂದ" ಎಂದ. ಹಾಗೆಯೇ ಕೊಟ್ಟೆ. ಆಕೆ ಎರಡೂ ಕೈಯಿಂದ ಅದನ್ನು ಮರಳಿಸಿ, ಏನೋ ಹೇಳಿ ನಕ್ಕರು. "ರೊಟ್ಟಿ ಕೊಟ್ಟಿದ್ದೀರಲ್ಲ, ಸಾಕು" ಎಂದರಂತೆ. ಅವರಿಗೂ ಪಾಲು ಸಿಕ್ಕಿತ್ತು ಎಂದು ಆಗಲೇ ಗೊತ್ತಾದದ್ದು. ಒಕಾಮಿ, ನಕಾಯಿ, ಯುಮೋರಿ ಮೂವರೂ ಬಾಗಿಲಿಗೆ ಬಂದು, ನಮ್ಮ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸುತ್ತ ನಿಂತಿದ್ದರು.

ಊರಿಗೆ ಬಂದ ಎರಡನೆಯ ವಾರ ಆ ಐ.ಬಿ.ಗೆ ಹೋದೆ. ಈಗ ಅಲ್ಲಿ ಗೀಸರ್ ಇದೆ. ಹಂಡೆ ಇಲ್ಲ, ಒಲೆಯ ಜಾಗದಲ್ಲಿ ಸಿಮೆಂಟು ಹಾಕಿದ್ದಾರೆ. ವಿಚಾರಿಸುತ್ತ ವಿಚಾರಿಸುತ್ತ ಊರೊಳಗೆ ಅವರ ಮನೆ ಸಿಕ್ಕಿತು. ತೀರಿಕೊಂಡು ಆರು ವರ್ಷವಾಯಿತಂತೆ. ಸೊಸೆ ಇದ್ದರು. ಕೂರಿಸಿ ಚಹ ಕೊಟ್ಟರು. ನಾನು ಆ ರಾತ್ರಿಯ ಮಾತು ಹೇಳಿದೆ, ತಪ್ಪಾಯಿತು ಎಂದೆ. ಆಕೆ, "ಸಾಹೇಬ್ರು ಭಾಳ ಮಂದಿ ಬರತಿದ್ರಲ್ರಿ, ಅವ್ರು ಯಾರದೂ ಏನೂ ಹೇಳತಿರಲಿಲ್ಲ" ಎಂದರು ಅಷ್ಟೇ. ಕ್ಷಮಿಸುವುದಕ್ಕೆ ಆಕೆ ಯಾರು, ಕೇಳುವುದಕ್ಕೆ ನಾನು ಎಷ್ಟು ತಡ? ಮಾವನವರ ಹೆಸರು ಏನು ಎಂದು ಕೇಳಿದೆ. ಹೇಳಿದರು. ಡೈರಿಯಲ್ಲಿ ಬರೆದುಕೊಂಡೆ. ಮನೆಯವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಇಲ್ಲಿ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ನಾನು ಹೇಳಿಕೊಳ್ಳುತ್ತೇನೆ.

ಇದನ್ನು ಹೇಳಿದ್ದು ಜಪಾನನ್ನು ಹೊಗಳಲಿಕ್ಕಲ್ಲ. ಅಲ್ಲಿಯ ಬಾಗಿಲುಗಳೂ ಕೆಲವರಿಗೆ ಮುಚ್ಚಿದ್ದನ್ನು ಹೇಳಿದ್ದೇನೆ. ಆ ನಕಾಯಿ ಎಪ್ಪತ್ತರ ಹತ್ತಿರದಲ್ಲೂ ದುಡಿಯುತ್ತಿದ್ದುದು ಇಷ್ಟಪಟ್ಟೋ, ಅನಿವಾರ್ಯವೋ ನಾನು ಕೇಳಲಿಲ್ಲ. ನಾನು ಕಂಡದ್ದು ಒಂದೇ: ಅತಿಥಿಯ ಎದುರು ಯಜಮಾನಿ ತನ್ನ ನೀರಿನವನ ಪಕ್ಕ ನಿಂತು, ಹೆಸರು ಹೇಳಿ, ಈ ನೀರು ಇವರದು ಎಂದಳು. ಅದಕ್ಕೆ ಖರ್ಚಿಲ್ಲ, ಟೆಂಡರು ಬೇಕಿಲ್ಲ. ನಮ್ಮ ಮಠಗಳ ದಾಸೋಹದಲ್ಲಿ, ನಮ್ಮ ಮದುವೆ ಮನೆಗಳಲ್ಲಿ, ನಮ್ಮ ಕಚೇರಿಗಳಲ್ಲಿ ನಾವು ಮಾಡಬಹುದಾದದ್ದು. ಅಡುಗೆ ಚೆನ್ನಾಗಿದೆ ಎಂದು ಸ್ವಾಮಿಗಳಿಗೆ ಹೇಳುತ್ತೇವೆ. ಒಳಗೆ ಹೋಗಿ, ಕೊಪ್ಪರಿಗೆಯ ಮುಂದೆ ನಿಂತವರ ಹೆಸರು ಕೇಳಿ ಅವರಿಗೆ ಹೇಳೋಣ.

ನಾನು ನಿನ್ನೆ ರಾತ್ರಿಯೇ ಇಲ್ಲಿಗೆ ಬಂದು ಉಳಿದಿದ್ದೆ. ಬೆಳಿಗ್ಗೆ ಐದಕ್ಕೆ ಹಿತ್ತಲಿನ ನೀರೊಲೆಯಿಂದ ಬಕೆಟ್ ತುಂಬಿ ತಂದುಕೊಟ್ಟ ಹುಡುಗನ ಹೆಸರು ಕೇಳಿದೆ. ಅವನು ಗಾಬರಿಯಾಗಿ, "ಯಾಕ್ರಿ, ನೀರು ಬಿಸಿ ಆಗಿಲ್ಲೇನ್ರಿ?" ಎಂದ. ನಾವು ಹೆಸರು ಕೇಳುವುದು ತಪ್ಪು ಹುಡುಕಲಿಕ್ಕೆ ಮಾತ್ರ ಎಂದು ಆ ಹುಡುಗನಿಗೆ ಆ ವಯಸ್ಸಿಗೇ ಗೊತ್ತಾಗಿದೆ. "ಇಲ್ಲಪ್ಪಾ, ನೀರು ಸರಿಯಾಗಿದೆ. ಅದಕ್ಕೇ ಕೇಳಿದೆ" ಎಂದೆ. ಆಗ ಹೇಳಿದ. ಅವನು ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.